ಬಿದ್ದ ದಾಳ ಲೆಕ್ಕಕ್ಕಿಲ್ಲ

ದಾಳ ನನ್ನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಟ್ಟರು. ಮತ್ತೆ ಜಾರಿತು.

"ವಹಿನೀ, ಹೇ ಚೀಟಿಂಗ್ ಆಹೇ!" ಎಂದು ಮಂದಾರ ಮರಾಠಿಯಲ್ಲಿ ಕೂಗಿದ. ಅತ್ತಿಗೆ, ಇದು ಮೋಸ ಅಂತ. ನಮ್ಮ ಮೇಜಿನ ನಿಯಮ ಹಾಗಿದೆ. ನೆಲಕ್ಕೆ ಬಿದ್ದ ದಾಳ ಲೆಕ್ಕಕ್ಕಿಲ್ಲ, ಮತ್ತೆ ಹಾಕಬೇಕು. ಕೆಟ್ಟ ಸಂಖ್ಯೆ ಬರುವ ಅಂದಾಜಾದರೆ ಬೇಕಂತಲೇ ದಾಳವನ್ನು ಮೇಜಿನಿಂದಾಚೆ ಉರುಳಿಸುವ ಚಾಳಿ ಮಂದಾರನದು. ನಾನೂ ಅದನ್ನು ಕಲಿತೆ ಅಂದುಕೊಂಡ.

"ಕೈಗೆ ಎಣ್ಣಿ ಹತ್ತಿರಬೇಕು, ಒರಸ್ಕೊ," ಅಂದರು ನನ್ನ ಗಂಡ ಗಿರೀಶ.

ಸೆರಗಿಗೆ ಒರೆಸಿಕೊಂಡೆ. ಕೈ ಒಣಗಿಯೇ ಇತ್ತು.

ಮತ್ತೆ ಜಾರಿತು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಈ ಆಟದ ಬಗ್ಗೆ ಸ್ವಲ್ಪ ಹೇಳಬೇಕು. ಕೋಥರೂಡ ಬಡಾವಣೆಯಲ್ಲಿ ನಮ್ಮ ಗೆಳೆಯ ಸದಾನಂದರದೊಂದು ಹೋಟೆಲ್ ಇದೆ. ಶನಿವಾರ ಊಟದ ಗಿರಾಕಿಗಳು ಹೋದ ಮೇಲೆ, ಸಂಜೆಯ ತಿಂಡಿ ಶುರುವಾಗುವವರೆಗೆ, ಅದರ ಹಿಂದಿನ ಕೋಣೆಯಲ್ಲಿ ನಾವು ನಾಲ್ವರು ಮೇಜಿನ ಸುತ್ತ ಕೂರುತ್ತೇವೆ. ಸದಾನಂದ ಕಥೆ ಹೇಳುತ್ತಾರೆ. ಕಾಡು, ಕೋಟೆ, ಬೆಂಕಿಯುಗುಳುವ ಪ್ರಾಣಿ ಎಲ್ಲ ಅವರ ಬಾಯಲ್ಲೇ ಹುಟ್ಟುತ್ತವೆ. ನಾವು ಮೂವರು ಆ ಕಥೆಯೊಳಗಿನ ಪಾತ್ರಗಳು. ಏನು ಮಾಡುತ್ತೇವೆಂದು ಹೇಳಬೇಕು, ಅದು ಆಯಿತೋ ಇಲ್ಲವೋ ದಾಳ ಹೇಳುತ್ತದೆ. ಗಿರೀಶ ಸೈನಿಕ. ಅವರ ಆಫೀಸಿನ ಮಂದಾರ ಕಳ್ಳ, ಪಾತ್ರದಲ್ಲೂ ಆಟದಲ್ಲೂ. ಮನೆಯಲ್ಲಿ ಯಾರಾದರೂ ಸೀನಿದರೆ ಆ ಕಡೆ ಹೋಗಿ ಅನ್ನುವ ನಾನು ಇಲ್ಲಿ ಹೀಲರ್. ಗಾಯಗೊಂಡವರನ್ನು ಮಂತ್ರ ಹಾಕಿ ಎಬ್ಬಿಸುವವಳು.

ಪ್ರತಿಯೊಬ್ಬರಿಗೂ ಇಪ್ಪತ್ತು ಅಂಕ ಜೀವ. ಪೆಟ್ಟು ಬಿದ್ದಷ್ಟು ಕಡಿಮೆಯಾಗುತ್ತದೆ. ನನ್ನ ಸರದಿ ಬಂದಾಗ "ಎಷ್ಟ ಉಳದದ?" ಎಂದು ಎಲ್ಲರನ್ನೂ ಕೇಳುತ್ತೇನೆ, ಕಡಿಮೆ ಇದ್ದವರಿಗೆ ಮಂತ್ರ ಹಾಕುತ್ತೇನೆ. ಹೀಲರ್‌ಗೆ ಎಷ್ಟು ಉಳಿದಿದೆಯೆಂದು ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಯಾರಾದರೂ ಅಪ್ಪಿತಪ್ಪಿ ಕೇಳಿದರೆ "ನಂದು ನಡೀತದ ಬಿಡ್ರಿ" ಅನ್ನುತ್ತಿದ್ದೆ. ಎರಡೋ ಮೂರೋ ಉಳಿದಾಗಲೂ ಅದೇ ಮಾತು. ಅದೊಂದು ಜಂಬವಾಗಿತ್ತು ನನಗೆ.

ದಾಳ ಜಾರಿದ ಆ ಶನಿವಾರ ಆಟ ಮುಗಿಯಿತು. ಮನೆಗೆ ಹೊರಡಲು ಏಳಬೇಕು.

ಕಾಲು ಏಳಲಿಲ್ಲ.

ಹಿಂದಿನ ವಾರ ಹೊಟ್ಟೆ ಕೆಟ್ಟಿತ್ತು. ಎರಡು ದಿನದಿಂದ ಪಾದಗಳಲ್ಲಿ ಜುಮುಜುಮು ಇತ್ತು; ಹೊಸ ಚಪ್ಪಲಿಯನ್ನು ಬೈದುಕೊಂಡಿದ್ದೆ. ಇದನ್ನೆಲ್ಲ ಆಸ್ಪತ್ರೆಯಲ್ಲಿ ಡಾಕ್ಟರ್‌ಬಾಯಿ ಕೇಳಿದಾಗಷ್ಟೇ ಹೇಳಿದೆ. ಅವರು ಸಣ್ಣ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದರು. ಕಾಲು ಮಿಸುಕಲಿಲ್ಲ. ಇನ್ನೊಂದಕ್ಕೆ ತಟ್ಟಿದರು. ಅದೂ ಇಲ್ಲ. ನರಗಳ ಟೆಸ್ಟ್ ಆಯಿತು. ಜಿಬಿಎಸ್ ಅಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ತಪ್ಪಿ ನಮ್ಮ ನರಗಳ ಮೇಲೆ ತಿರುಗಿಬೀಳುವ ಕಾಯಿಲೆ. ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ಆದರೆ ಅದಕ್ಕೆ ಮುಂಚೆ ಅದು ಮೇಲಕ್ಕೆ ಏರುತ್ತದೆ, ಕಾಲಿನಿಂದ ಸೊಂಟಕ್ಕೆ, ಕೈಗೆ, ಆಮೇಲೆ ಎದೆಗೂ ಏರಬಹುದು. ಉಸಿರು ಸ್ವಲ್ಪ ಕಷ್ಟವಾದರೂ ತಕ್ಷಣ ಹೇಳಬೇಕು ಎಂದು ಮರಾಠಿಯಲ್ಲಿ ಒತ್ತಿ ಒತ್ತಿ ಹೇಳಿದರು.

ನಾನು ತಲೆಯಾಡಿಸಿದೆ. ಆಗಿನ್ನೂ ತಲೆ ಆಡುತ್ತಿತ್ತು.

ಐಸಿಯುನಲ್ಲಿ ಡ್ರಿಪ್ ಶುರುವಾಯಿತು. ಆಗಾಗ ಸಿಸ್ಟರ್ ಬಂದು ಒಂದೇ ಉಸಿರಿನಲ್ಲಿ ಅಂಕಿ ಎಣಿಸಲು ಹೇಳುತ್ತಿದ್ದರು. ಎಣಿಕೆ ಇಳಿದರೆ ಉಸಿರಿನ ಸ್ನಾಯು ಸೋಲುತ್ತಿದೆಯೆಂದು ಅರ್ಥ. ಗಿರೀಶ ಪಕ್ಕದಲ್ಲಿದ್ದಾಗ ತುಟಿಯಲ್ಲೇ ನನ್ನ ಜೊತೆ ಎಣಿಸುತ್ತಿದ್ದರು. ಅವರ ಮುಖ ನೋಡಿ ಹೆದರಿಕೆಯಾಗಿ, ನಡುವೆ ಕದ್ದು ಸಣ್ಣದೊಂದು ಉಸಿರು ಎಳೆದುಕೊಂಡೆ. ಸಂಖ್ಯೆ ಚೆನ್ನಾಗಿಯೇ ಬಂತು. ಮಂದಾರ ಇದ್ದಿದ್ದರೆ ಹಿಡಿದುಬಿಡುತ್ತಿದ್ದ.

"ಹೆಂಗದ ಈಗ?" ಎಂದು ಗಿರೀಶ ಕೇಳಿದರು.

"ನಡೀತದ," ಅಂದೆ.

ನಡೆಯುತ್ತಿರಲಿಲ್ಲ. ಎದೆಯ ಮೇಲೆ ಯಾರೋ ಹಿಟ್ಟಿನ ಚೀಲ ಇಟ್ಟು ಮರೆತಿದ್ದರು. ತಲೆಯ ಪಕ್ಕದ ಮಾನಿಟರಿನಲ್ಲಿ ಆಕ್ಸಿಜನ್ ಮಾತ್ರ ಸರಿಯಾಗಿಯೇ ತೋರಿಸುತ್ತಿತ್ತು. ಈ ಕಾಯಿಲೆಯಲ್ಲಿ ಅದು ಕಟ್ಟಕಡೆಗೆ ಇಳಿಯುತ್ತದಂತೆ, ಇಳಿದಾಗ ಕೈಯಲ್ಲಿ ಸಮಯವಿರುವುದಿಲ್ಲವಂತೆ. ನನಗೆ ಗೊತ್ತಿರಲಿಲ್ಲ. ಗಿರೀಶ ನಿಶ್ಚಿಂತೆಯಿಂದ ಔಷಧ ತರಲು ಕೆಳಗೆ ಹೋದರು. ತಮ್ಮ ಬದಲು ಸದಾನಂದರನ್ನು ಒಳಗೆ ಕಳಿಸಿದರು.

ಸದಾನಂದ ಹಣ್ಣು ಹೂವು ಏನೂ ತಂದಿರಲಿಲ್ಲ. ಮಂಚದ ಕಾಲ ಬಳಿ ನಿಂತು ನನ್ನನ್ನೇ ನೋಡಿದರು. ಎಷ್ಟೋ ವರ್ಷ ಮೇಜಿನಾಚೆಯಿಂದ ನನ್ನ ಮುಖ ನೋಡಿದವರು ಅವರು. ನನ್ನ ಪಾತ್ರಕ್ಕೆ ನಿಜವಾಗಿ ಎಷ್ಟು ಜೀವ ಉಳಿದಿದೆಯೆಂದು ತಿಳಿದಿರುತ್ತಿದ್ದವರೂ ಅವರೊಬ್ಬರೇ.

"ನಿಮ್ಮ ಸರದಿ ಅಕ್ಕ," ಅಂದರು. "ಎಷ್ಟು ಉಳಿದಿದೆ?"

"ನಡೀತದ."

"ನಡೀತದ ಅಂತ ನಂಬರ್ ಇಲ್ಲ ಮಾರಾಯ್ರೆ. ಇಪ್ಪತ್ತರಲ್ಲಿ ಎಷ್ಟು, ಅದನ್ನು ಹೇಳಿ."

ಅಷ್ಟು ದಿನದಲ್ಲಿ ಎಲ್ಲರೂ ಹೇಗಿದ್ದೀಯ ಎಂದು ಕೇಳಿದ್ದರು, ಅದಕ್ಕೆ ಸುಳ್ಳು ಉತ್ತರ ನನ್ನ ನಾಲಿಗೆಯ ಮೇಲೇ ಸಿದ್ಧವಿತ್ತು. ಆದರೆ ನಮ್ಮ ಮೇಜಿನಲ್ಲಿ ನಡೀತದ ಅಂದು ಜಾರಿಕೊಳ್ಳಬಹುದು, ಸಂಖ್ಯೆ ಹೇಳಿದ ಮೇಲೆ ಸುಳ್ಳು ಹೇಳುವಂತಿಲ್ಲ. ಮಂದಾರ ಕೂಡ ಅದೊಂದನ್ನು ಯಾವತ್ತೂ ಮಾಡಿಲ್ಲ.

"ನಾಲ್ಕು," ಅಂದೆ. ಆ ಒಂದು ಶಬ್ದಕ್ಕೆ ಎರಡು ಸಲ ಉಸಿರು ಬೇಕಾಯಿತು.

ಸದಾನಂದ ತಿರುಗಿ "ಸಿಸ್ಟರ್!" ಎಂದು ಕೂಗಿದ ರೀತಿಗೆ ಇಡೀ ಐಸಿಯು ಇತ್ತ ನೋಡಿತು.

ಡಾಕ್ಟರ್‌ಬಾಯಿ ಓಡಿ ಬಂದರು. ಈ ಸಲ ಎಣಿಸುವಾಗ ಕದಿಯಲಿಲ್ಲ. ಕದಿಯುವಷ್ಟು ಉಸಿರೂ ಇರಲಿಲ್ಲ. ವೆಂಟಿಲೇಟರ್ ಹಾಕಲೇಬೇಕು ಅಂದರು. ಔಷಧ ಹಿಡಿದು ಬಾಗಿಲಲ್ಲಿ ನಿಂತ ಗಿರೀಶ "ಈಗಷ್ಟೇ ಛಲೋ ಇದ್ದಳಲ್ರೀ!" ಅನ್ನುತ್ತಿದ್ದರು. ಯಾರಿಗೂ ಉತ್ತರಿಸುವ ಪುರುಸೊತ್ತಿರಲಿಲ್ಲ. ಸಾಯುತ್ತೇನೆ ಅನ್ನಿಸಿತು. ಅವರಿಗೆ ಸುಳ್ಳು ಹೇಳಿ ಸಾಯುತ್ತೇನಲ್ಲ ಎಂದು ಅಳು ಬಂತು.

ಆಮೇಲೆ ಮಂಪರು.

ಎಚ್ಚರವಾದಾಗ ಗಂಟಲಲ್ಲಿ ಟ್ಯೂಬ್ ಇತ್ತು. ಮಾತಿಲ್ಲ, ಕೈಯಿಲ್ಲ, ಕುತ್ತಿಗೆಯಿಲ್ಲ. ರೆಪ್ಪೆಗಳು ಮಾತ್ರ ನನ್ನವು. ಗಿರೀಶ ಬಂದು ನಿಂತರು. ಸಿಟ್ಟಿತ್ತು ಅವರಿಗೆ, ಇರಬೇಕಾದದ್ದೇ. ಅದನ್ನು ನುಂಗಿಕೊಂಡು "ಒಂದು... ಎರಡು... ಮೂರು..." ಎಂದು ನಿಧಾನವಾಗಿ ಹೇಳತೊಡಗಿದರು. ಇಪ್ಪತ್ತರಲ್ಲಿ ನನ್ನ ಅಂಕ ಬಂದಾಗ ರೆಪ್ಪೆ ಮುಚ್ಚಬೇಕು. ಮೊದಲ ದಿನ ಮೂರಕ್ಕೇ ಮುಚ್ಚಿದೆ. ಅವರ ಕಣ್ಣು ತುಂಬಿತು, ಆದರೂ ತಲೆಯಾಡಿಸಿದರು. ಮರುದಿನವೂ ಮೂರು. ಅದೆಷ್ಟೋ ದಿನ ಮೂರೇ. ಔಷಧ ತಾಗುತ್ತಿದೆಯೋ ಇಲ್ಲವೋ ಯಾರೂ ಖಾತ್ರಿ ಹೇಳುತ್ತಿರಲಿಲ್ಲ, ಕಾಯಬೇಕು ಅನ್ನುತ್ತಿದ್ದರು, ಮತ್ತು ಯಂತ್ರ ನನ್ನ ಪರವಾಗಿ ಉಸಿರಾಡುತ್ತಿರುವಾಗ ಮೇಲಿನ ಚಾವಣಿ ನೋಡುತ್ತ ನಾನು ಯೋಚಿಸುತ್ತಿದ್ದುದು ಒಂದೇ: ಪರರ ಅಂಕ ಕೇಳುವ ಗಡಿಬಿಡಿಯಲ್ಲಿ ನನ್ನದನ್ನು ಹೇಳದೆ ಇದ್ದದ್ದು ದೊಡ್ಡತನವೇನೂ ಆಗಿರಲಿಲ್ಲ, ಜೊತೆಗಿದ್ದವರ ಕೈ ಕಟ್ಟಿಹಾಕಿದ ಹಾಗಾಗಿತ್ತು ಅಷ್ಟೆ.

ಒಂದು ಬೆಳಿಗ್ಗೆ ಅವರ ಎಣಿಕೆ ಆರರವರೆಗೆ ಹೋಯಿತು.

ಟ್ಯೂಬ್ ತೆಗೆದರು. ಫಿಸಿಯೋಥೆರಪಿ, ವಾಕರ್, ಸ್ನಾನದ ಮನೆಯಲ್ಲಿ ಗಿರೀಶರ ಹೆಗಲು. ಬೆರಳುಗಳು ಎಲ್ಲಕ್ಕಿಂತ ತಡವಾಗಿ ಮರಳಿದವು, ಇನ್ನೂ ಪೂರ್ತಿ ಬಂದಿಲ್ಲ. ಕುಪ್ಪಸದ ಹುಕ್ ಇವತ್ತಿಗೂ ನನ್ನನ್ನು ಆಟವಾಡಿಸುತ್ತದೆ.

ಕಳೆದ ಶನಿವಾರ ಹೋಟೆಲಿಗೆ ಹೋದೆ. ಹಿಂದಿನ ಕೋಣೆ, ಅದೇ ಮೇಜು. ಸದಾನಂದ ಗೋಳಿಬಜೆ ಕರಿಸಿದ್ದರು. ನನ್ನ ಸರದಿ ಬಂತು. ನಾನು ಬಾಯಿ ತೆರೆಯುವ ಮೊದಲೇ ಮಂದಾರ ನನ್ನನ್ನೇ ಕೇಳಿದ: "ವಹಿನೀ, ತುಮಚೇ ಕಿತೀ?" ನಿಮ್ಮದೆಷ್ಟು ಅಂತ. ಈಗ ಪದ್ಧತಿ ಹೀಗಂತೆ, ಹೀಲರ್ ಮೊದಲು ಹೇಳಬೇಕು.

"ಹನ್ನೊಂದು," ಅಂದೆ. ಪಾತ್ರದ್ದೂ ಅಷ್ಟೇ, ನನ್ನದೂ ಹೆಚ್ಚುಕಡಿಮೆ ಅಷ್ಟೇ.

ದಾಳ ಎತ್ತಿಕೊಂಡೆ. ಜಾರಿ ನೆಲಕ್ಕೆ ಬಿತ್ತು.

ಯಾರೂ ನಗಲಿಲ್ಲ. ಗಿರೀಶ ಎದ್ದು ನಿಂತಿದ್ದರು, ಮುಖ ಬಿಳಿಚಿತ್ತು. ಮಂದಾರ ಉಸಿರು ಬಿಗಿಹಿಡಿದಿದ್ದ. ಎಲ್ಲರೂ ನನ್ನ ಕೈ ನೋಡುತ್ತಿದ್ದರು. ನಾನೂ ನೋಡಿದೆ. ಮುಷ್ಟಿ ಕಟ್ಟಿದೆ. ಬಿಚ್ಚಿದೆ. ಮತ್ತೊಮ್ಮೆ ಕಟ್ಟಿದೆ. ಬೆರಳು ಬೆರಳಿಗೆ ತಾಗಿದಾಗ ಜಿಡ್ಡು ಗೊತ್ತಾಯಿತು.

"ಗೋಳಿಬಜಿ ಎಣ್ಣಿ ರೀ," ಅಂದೆ.

ಗಿರೀಶ ನನ್ನ ಕೈ ಹಿಡಿದು, ಉಜ್ಜಿ ನೋಡಿ, ಖಾತ್ರಿ ಮಾಡಿಕೊಂಡು ಕುರ್ಚಿಯಲ್ಲಿ ಕುಸಿದು ಕೂತರು. ಮಂದಾರ ಬಗ್ಗಿ ದಾಳ ಎತ್ತಿದ. ನನ್ನ ಅಂಗೈಯಲ್ಲಿಟ್ಟ.

"ವಹಿನೀ," ಅಂದ, "ಹೇ ಚೀಟಿಂಗ್ ಆಹೇ."