ತವರಿನಿಂದ ಬಂದ ಹಂದಿ

ಮದುವೆಯಲ್ಲಿ ನನ್ನ ತವರಿನವರು ಕೊಟ್ಟದ್ದು ಒಂದು ಹಾಸಿಗೆ, ಒಂದು ಸ್ಟೀಲ್ ಕೊಳಗ, ಒಂದು ಹೆಣ್ಣು ಹಂದಿ. ನಗಬೇಡಿ. ಕೆಂಗೇರಿಯ ಅಮ್ಮನ ಮನೆಯಲ್ಲೂ ಲಗ್ಗೆರೆಯ ಗಂಡನ ಮನೆಯಲ್ಲೂ ಅನ್ನ ಹಾಕುತ್ತಿದ್ದದ್ದು ಹಂದಿಗಳೇ. ಅಮ್ಮ ತನ್ನ ಗೂಡಿನಲ್ಲಿದ್ದ ಚೆಂದದ ಜೀವವನ್ನೇ ಆರಿಸಿ ಕಳಿಸಿದ್ದಳು. ಎಂಬತ್ತರ ದಶಕದ ಲಗ್ಗೆರೆಯಲ್ಲಿ ಮನೆಗಳಿಗಿಂತ ಬಯಲೇ ಹೆಚ್ಚು. ರಾಜಾಜಿನಗರದ ಹೋಟೆಲುಗಳಿಂದ ಡಬ್ಬಗಟ್ಟಲೆ ಮುಸುರೆ ಬರುತ್ತಿತ್ತು. ಹಂದಿಗೆ ಇನ್ನೇನು ಬೇಕು?

ಆದರೆ ಮೊದಲ ಸೂಲಿನ ಮರಿಗಳು ಸೊರಗಿದವು. ಹೊಟ್ಟೆ ಮಾತ್ರ ಮಡಕೆ, ಮೈಯೆಲ್ಲ ಒರಟು ಕೂದಲು, ಮೇಲೆ ಕೆಮ್ಮು ಬೇರೆ. ಎರಡನೆಯ ಸೂಲಿನಲ್ಲೂ ಅದೇ ಗತಿ. ಒಂಬತ್ತರಲ್ಲಿ ಉಳಿದದ್ದು ಎರಡು. ಹಂದಿ ಮೂರನೆಯ ಸಲ ಗಬ್ಬವಾದಾಗ ಅತ್ತೆ ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಟ್ಟರು: "ನಿನ್ನ ತವರಿನ ತಳೀನೇ ಸರಿಯಿಲ್ಲ ಕಣೇ. ಈ ಸಲಾನೂ ಹಿಂಗೇ ಆದ್ರೆ ಇದನ್ನ ಕಸಾಯಿಗೆ ಕೊಟ್ಬಿಡ್ತೀನಿ."

ನನಗೆ ಮೈ ಉರಿದುಹೋಯಿತು. ಹಂದಿಯನ್ನು ಅಂದಿದ್ದರೆ ಸಹಿಸುತ್ತಿದ್ದೆ, ಅವರು ಅಂದದ್ದು ನಮ್ಮಮ್ಮನನ್ನು. ಮಾರನೆಯ ದಿನವೇ ದನದ ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ಕರೆತಂದೆ.

ಡಾಕ್ಟರು ಇನ್ನೂ ಹುಡುಗು ವಯಸ್ಸಿನವರು. ಇಸ್ತ್ರಿ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ಗೂಡಿಗಿಳಿದು, ಹಂದಿಯ ಹೇಲನ್ನು ಕಡ್ಡಿಯಿಂದ ಕೆದಕಿ, ಎರೆಹುಳದಷ್ಟುದ್ದದ ಬಿಳಿ ಹುಳ ತೋರಿಸಿದರು.

"ಜಂತುಹುಳ. ತಳಿದೇನೂ ತಪ್ಪಿಲ್ಲಮ್ಮ, ನೆಲದ ತಪ್ಪು. ಇದರ ಮೊಟ್ಟೆ ವರ್ಷಗಟ್ಲೆ ಮಣ್ಣಲ್ಲೇ ಇರುತ್ತೆ. ತಾಯಿ ಮಲಗಿದಾಗ ಕೆಚ್ಚಲಿಗೆ ಅಂಟ್ಕೊಳ್ಳುತ್ತೆ, ಮರಿ ಹಾಲಿನ ಜೊತೆ ನುಂಗುತ್ತೆ."

"ಯಾವ ನೆಲ ಸಾರ್?" ಅಂದೆ, ಗೊತ್ತಿದ್ದೂ, ಅತ್ತೆಗೆ ಚೆನ್ನಾಗಿ ಕೇಳಿಸಲಿ ಅಂತ.

"ಇದೇ ನೆಲ, ನಿಮ್ಮ ಗೂಡಿಂದು."

ಅತ್ತೆ ಆಕಾಶ ನೋಡಿದರು.

ಮರಿ ಹಾಕಲು ಎರಡು ವಾರ ಇರುವಾಗ ತಾಯಿಗೆ ಹುಳದ ಔಷಧಿ ಕೊಡಬೇಕು. ದಿನ ಹತ್ತಿರ ಬಂದಾಗ ಬಿಸಿನೀರು, ಸೋಪು ಹಾಕಿ ಮೈ ತೊಳೆದು, ಕುದಿಯುವ ನೀರಿನಲ್ಲಿ ಉಜ್ಜಿದ ಬೇರೆ ಜಾಗಕ್ಕೆ ಸೇರಿಸಬೇಕು. ಹೇಲನ್ನು ದಿನವೂ ಎತ್ತಬೇಕು. ಡಾಕ್ಟರು ಇಷ್ಟು ಹೇಳಿದ್ದೇ ತಡ, ಅತ್ತೆಗೆ ಬಾಯಿ ಬಂತು. "ಅಯ್ಯೋ ಶಿವನೇ! ಸ್ನಾನ ಮಾಡ್ಸಿ, ಹೂವ ಮುಡ್ಸಿ, ಸೀಮಂತಾನೂ ಮಾಡ್ಬಿಡೋಣ್ವಾ ಸಾರ್?"

ಹಿತ್ತಲಿನಲ್ಲಿ ಸಿಮೆಂಟು ಕಂಡಿದ್ದ ಜಾಗ ಒಂದೇ, ಅತ್ತೆ ಬಟ್ಟೆ ಒಗೆಯುತ್ತಿದ್ದದ್ದು. ಅದನ್ನು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಔಷಧಿಯನ್ನೇನೋ ನಾನೇ ಮುಸುರೆಗೆ ಕಲಸಿದೆ. ಹಂದಿ ಮೂಸಿ ಮುಖ ತಿರುಗಿಸಿತು. ಹಿಂದಿನಿಂದ ಅತ್ತೆಯ ದನಿ: "ಬೆಲ್ಲ ಜಾಸ್ತಿ ಹಾಕೇ. ಬಸುರಿಗೆ ಕಹಿ ಒಗ್ಗುತ್ತಾ?"

ಹತ್ತು ಹನ್ನೆರಡು ದಿನ ಕಳೆದು, ಒಂದು ಬೆಳಗ್ಗೆ ಎದ್ದು ನೋಡುತ್ತೇನೆ, ಒಗೆಯುವ ಜಾಗದ ಸುತ್ತ ತಗಡು ಕಟ್ಟಿದೆ, ನೆಲದಿಂದ ಹಬೆ ಏಳುತ್ತಿದೆ. ಅತ್ತೆ ಸೀರೆ ಎತ್ತಿಕಟ್ಟಿ, ತಮ್ಮದೇ ಮೈಸೋಪಿನಿಂದ ಹಂದಿಯ ಕೆಚ್ಚಲು ಉಜ್ಜುತ್ತಿದ್ದಾರೆ. "ಆ ಕಡೆ ತಿರುಗೇ. ನಾಚ್ಕೆ ಏನು, ನಾವೆಲ್ಲ ಹೆತ್ತೋರೇ." ನಾನು ಬಾಗಿಲ ಹಿಂದೆ ಸೆರಗು ಕಚ್ಚಿಕೊಂಡು ನಕ್ಕೆ.

ಹತ್ತು ಮರಿ. ಒಂದೂ ಕೆಮ್ಮಲಿಲ್ಲ. ಹಾಲು ಬಿಡಿಸುವಾಗ ಅವಕ್ಕೂ ಔಷಧಿ ಹಾಕಿಸಿದೆವು. ನೋಡಲು ಬಂದವರಿಗೆಲ್ಲ ಅತ್ತೆ "ನಮ್ಮ ಗೂಡಿನ ಮರಿ" ಅಂತ ತೋರಿಸಿದ್ದೇ ತೋರಿಸಿದ್ದು. ಸೊರಗಿದಾಗ ನನ್ನ ತವರಿನ ತಳಿ, ಕೊಬ್ಬಿದಾಗ ನಮ್ಮ ಗೂಡಿನ ಮರಿ! ನಾನೂ ಹಟಮಾರಿ, ತಿರುಗಿಸಿ ಕೊಡುವ ಮಾತನ್ನು ಕೂಡಿಟ್ಟುಕೊಂಡು ಸಮಯ ಕಾದೆ.

ಮರುವರ್ಷ ನಾನೇ ಹೆರಿಗೆಗೆ ಕೆಂಗೇರಿಗೆ ಹೊರಟೆ. ಅತ್ತೆ ಬ್ಯಾಗು ಹೊತ್ತು ಬಸ್‌ಸ್ಟಾಪಿನವರೆಗೂ ಬಂದರು. ಬಸ್ಸು ಕಾಣಿಸಿದಾಗ, ನನ್ನ ಮುಖ ನೋಡದೆ ಅಂದರು: "ಹುಷಾರಾಗಿ ಹೋಗಿ ಬಾ. ನಿಮ್ಮಮ್ಮನ ಮನೆ ನೆಲ ಒಳ್ಳೇದು ಕಣೇ. ನೀನು ಕೂಸು ಎತ್ಕೊಂಡು ಬರೋ ಹೊತ್ಗೆ ನಮ್ದೂ ತೊಳ್ದಿರ್ತೀನಿ."

ಸರಿಯಾಗಿ ಛೇಡಿಸಬೇಕೆಂದು ವರ್ಷದಿಂದ ಕೂಡಿಟ್ಟಿದ್ದ ಮಾತು ಬಾಯಿಗೆ ಬರಲಿಲ್ಲ, ಅಳು ಬಂತು.