ಖಾಲಿ ಜಾಗದ ನಾಗಶ್ರೀ

ಹೊನ್ನೂರಿನ ನಾಗಶ್ರೀಯ ದೃಷ್ಟಿಯ ಮಹಿಮೆಯನ್ನು ಯಳಂದೂರಿನಿಂದ ಕೊಳ್ಳೇಗಾಲದವರೆಗಿನ ಆಟೋದವರೆಲ್ಲ ಬಲ್ಲರು. ಆಕೆ ಯಾವುದನ್ನೂ ನೇರವಾಗಿ ನೋಡುವವಳಲ್ಲ. ಮೊದಲು ಅದರ ಪಕ್ಕದ ಖಾಲಿ ಜಾಗ ನೋಡುತ್ತಾಳೆ. ಹೆಣ್ಣು ನೋಡಲು ಬಂದ ಗಂಡಿನ ಪಕ್ಕದ ಖಾಲಿ ಕುರ್ಚಿಯನ್ನು ಎಷ್ಟು ದಿಟ್ಟಿಸಿದಳೆಂದರೆ, ಅಲ್ಲಿ ಯಾರೋ ಕೂತಿದ್ದಾರೆಂದು ಆ ಪುಣ್ಯಾತ್ಮ ಉಪ್ಪಿಟ್ಟನ್ನೂ ಬಿಟ್ಟು ಓಡಿದನಂತೆ.

ಅದು ಖಗೋಳ ಸಂಶೋಧಕಿಯಾಗಿದ್ದಾಗ ಹತ್ತಿದ ಕಸುಬಿನ ಚಾಳಿ. ನಕ್ಷತ್ರಗಳಿಂದ ಬರುವ ಎಕ್ಸ್-ರೇ ಅಳೆಯುವವರು ಪಕ್ಕದ ಬರಿ ಆಕಾಶವನ್ನೂ ಅಳೆದು, ಅದನ್ನು ಕಳೆಯುತ್ತಾರೆ, ಉಳಿದದ್ದೇ ನಕ್ಷತ್ರದ್ದು. ಅದೇ ಲೆಕ್ಕವನ್ನು ನಾಗಶ್ರೀ ಈಗ ವಾಟ್ಸಾಪ್ ವದಂತಿಗಳಿಗೂ ಹಚ್ಚಿದ್ದಳು: ಊರಿನ ದಿನನಿತ್ಯದ ಗದ್ದಲ ಕಳೆ, ಉಳಿದದ್ದು ಅಪಾಯ.

ಕಳೆದ ಬೇಸಿಗೆಯಲ್ಲಿ ಹೊನ್ನೂರಿನ ಗುಂಪಿನಲ್ಲಿ ಮಕ್ಕಳ ಕಳ್ಳರ ಸುದ್ದಿ ಎದ್ದಿತು. ಬಿಳಿಗಿರಿರಂಗನ ಬೆಟ್ಟದಿಂದ ಚೀಲದಲ್ಲಿ ಜೇನಿನ ಬಾಟಲಿ ಹೊತ್ತು ಬರುವ ಸೋಲಿಗರ ಜಡೇಸ್ವಾಮಿಯ ಫೋಟೋ ಅದಕ್ಕೆ ಅಂಟಿತ್ತು. ಪಂಚಾಯಿತಿ ಸದಸ್ಯ ಗುರುಪಾದಸ್ವಾಮಿ, ಕೊಳ್ಳೇಗಾಲದ ಬಾಡಿಗೆ ಕೋಣೆಯಲ್ಲಿದ್ದ ನಾಗಶ್ರೀಗೆ ಫೋನ್ ಮಾಡಿದ.

"ಏನವ್ವಾ, ಇವನ್ನ ಬೆಟ್ಟದ ಬಸ್ ಅತ್ತಿಸ್ಬುಡ್ಲಾ?"

ನಾಗಶ್ರೀ ಗುಂಪಿನ ಸಂದೇಶಗಳ ಗ್ರಾಫ್ ನೋಡಿದಳು. ಬೆಳಗ್ಗೆ ಕುದಿಯುತ್ತಿದ್ದ ಗುಂಪು ಮಧ್ಯಾಹ್ನಕ್ಕೆ ಪೂರ್ತಿ ಮೌನವಾಗಿತ್ತು. ದಿನನಿತ್ಯದ ಗದ್ದಲ ಕಳೆದಳು. ಸೊನ್ನೆಗಿಂತಲೂ ಕೆಳಗೆ ಬಂತು, ಅಂದರೆ ಅಪಾಯವಿಲ್ಲ.

"ಬ್ಯಾಡ ಮಾವ. ಯಾಪಾರ ಮಾಡ್ಕಳ್ಲಿ ಬುಡಿ. ಎಲ್ಲಾ ತಣ್ಣಗಾಗದೆ."

ಗುಂಪು ತಣ್ಣಗಾದದ್ದು ನಿಜ. ಜನ ಫೋನನ್ನು ಜೇಬಿಗಿಳಿಸಿ ಬಸ್‌ಸ್ಟಾಪಿಗೆ ನಡೆದಿದ್ದರು. ಅಲ್ಲಿ ಜಡೇಸ್ವಾಮಿಯ ಚೀಲ ಕಿತ್ತು ಸುರಿದರು. ಒಳಗೆ ಮಗುವಿಲ್ಲ, ಬಾಟಲಿಗಳಿವೆ ಎಂದು ಕಂಡ ಮೇಲೂ ಹೊಡೆದರು.

ಸಂಜೆ ನಾಗಶ್ರೀ ಯಳಂದೂರಿನ ಆಸ್ಪತ್ರೆಗೆ ಓಡಿ ಬಂದಾಗ ಅವನ ಕೈಗೆ ಪಟ್ಟಿ ಬಿದ್ದಿತ್ತು, ಒಂದು ಕಣ್ಣು ಊದಿ ಮುಚ್ಚಿತ್ತು. ಅಂಗಿಗೆಲ್ಲ ಜೇನು ಮೆತ್ತಿ ಇರುವೆ ಹತ್ತಿದ್ದವು. ಹೆಂಡತಿ ಮಾದೇವಮ್ಮ ಒಂದೊಂದನ್ನೇ ಆರಿಸುತ್ತಿದ್ದಳು.

ಗುರುಪಾದಸ್ವಾಮಿಗೆ ಆಗಲೂ ಮಹಿಮೆಯ ಗುಂಗು ಬಿಟ್ಟಿರಲಿಲ್ಲ. "ನಮ್ ಉಡ್ಗಿ ಸಾಮಾನ್ಯದೋಳಲ್ಲ ಕಣ್ಲಾ ಜಡೇಸ್ವಾಮಿ. ಆಕಾಸದಲ್ಲಿ ಏನೂ ಇಲ್ದಿರೋ ಜಾಗನೂ ಬುಡಾಕಿಲ್ಲ, ನೋಡ್ತಾಳೆ! ಇವತ್ತು ಫೋನಿನ ಗುಂಪಲ್ಲಿ ಯಾರೂ ಇಲ್ಲ, ತಣ್ಣಗದೆ ಅಂದೋಳೂ ಇವಳೇಯ!"

ಮಾದೇವಮ್ಮನ ಬೆರಳು ನಿಂತಿತು. "ಅಂಗಾರೆ ಇವತ್ತು ಫೋನಲ್ಲಿ ಯಾರೂ ಇಲ್ದೇ ಇದ್ದಾಗ, ಆ ಜನ ಎಲ್ಲ ಎಲ್ಲೋದ್ರು ಅಂತ ನೋಡ್ನಿಲ್ವಾ ತಾಯಿ?"

ನಾಗಶ್ರೀ ಅಭ್ಯಾಸಬಲದಿಂದ ಮಂಚದ ಪಕ್ಕದ ಬೋಳು ಗೋಡೆಯನ್ನು ನೋಡುತ್ತಿದ್ದಳು. ಅಲ್ಲಿಂದ ಕಣ್ಣು ಕಿತ್ತು ಜಡೇಸ್ವಾಮಿಯ ಮುಖ ನೋಡಿದಳು.

"ಇಲ್ಲ ಕಣವ್ವ. ನೋಡ್ನಿಲ್ಲ."