ಮಾಳಿಗಿ ಮ್ಯಾಲಿಂದ ಮಾನ್ವಿಗೆ ಅತ್ತಿದ್ದು

ನಮ್ಮ ಕಡೆ ಸತ್ತವರ ಮನಿಗೆ ಹೋದ್ರ ಬಾಯಿ ಮುಚ್ಚಿಕೊಂಡು ಕುಂತು ಬರೂದಿಲ್ಲ. ಅಳಬೇಕು. ಬರೇ ಅತ್ರ ಸಾಲದು, ಹಾಡಿಕೊಂಡು ಅಳಬೇಕು. ಸತ್ತಾವ ಹೆಂಗಿದ್ದ, ಏನು ತಿಂತಿದ್ದ, ಯಾರ ಕೂಡ ಜಗಳಾಡಿದ್ದ, ಎಲ್ಲಾ ಅದರಾಗ ಬರಬೇಕು. ಒಳ್ಳೇದಷ್ಟೇ ಹೇಳಿದ್ರ ಮಂದಿ ನಂಬಂಗಿಲ್ಲ, ಹಂಗಾಗಿ ಸ್ವಲ್ಪ ಕೆಟ್ಟದ್ದೂ ಸೇರಸ್ತೀವಿ, ಸಾರಿಗೆ ಖಾರ ಹಾಕಿದಂಗ. ನಮ್ಮವ್ವ ಇದರಾಗ ಭಾಳ ಹೆಸರು ಮಾಡಿದ್ಲು. ಜಾಲಹಳ್ಳಿಯಿಂದ ದೇವದುರ್ಗದ ತನಕ ಯಾರ ಮನ್ಯಾಗ ಸಾವು, ಮಣ್ಣು ಇದ್ರೂ ಆಕಿಗೆ ಕರೆ ಬರ್ತಿತ್ತು. ಆಕಿ ಅಳಾಕ ಶುರು ಮಾಡಿದ್ರ ಹೆಣ ಹೊರೋರು ಸುದ್ದಾ ನಿಂತು ಕೇಳ್ತಿದ್ರು. ಆ ವಿದ್ಯಾ ನನಗ ಬಂತು. ಸಾಲಿ ವಿದ್ಯಾ ಮಾತ್ರ ಬರಲಿಲ್ಲ, ಎರಡನೇತ್ತಕ್ಕ ಬಿಟ್ಟು ಹತ್ತಿ ಬಿಡಸಾಕ ಹೋದೆ.

ನನ್ನ ತಂಗೀನ್ನ ಮಾನ್ವಿಗೆ ಕೊಟ್ಟಿತ್ತು. ಆಕಿ ಗಂಡ ಬಸ್ ಸ್ಟ್ಯಾಂಡ್ ಹತ್ರ ಬಂಡಿ ಹಚ್ಚಿ ಮಂಡಾಳ ಒಗ್ಗರಣಿ, ಮಿರ್ಚಿ ಮಾಡಿ ಮಾರ್ತಿದ್ದ. ಮಿರ್ಚಿ ಛಲೋ ಮಾಡ್ತಿದ್ದ, ಸುಳ್ಳು ಯಾಕ ಹೇಳಲಿ. ಆದ್ರ ಮ್ಯಾಲ ಹಾಕೋ ಉಳ್ಳಾಗಡ್ಡಿಗೆ ಕೈ ಬಿಗಿ. ಕೊರೊನಾ ಬಂದು ಬಸ್ ನಿಂತವು, ಬಂಡಿನೂ ನಿಂತಿತು. ಆಮ್ಯಾಲ ಒಂದಿನ ಮುಂಜಾನಿ ಎದಿ ಹಿಡಕೊಂಡು ಕುಂತಾವ ಮ್ಯಾಲ ಏಳಲಿಲ್ಲ. ಅದು ಕೊರೊನಾ ಅಲ್ಲ, ಎದಿ ಬ್ಯಾನಿ. ಆದ್ರ ಆಗ ಯಾರು ಯಾವುದರಿಂದ ಸತ್ತರೂ ಮಂದಿ ಬಾಗಲಾ ಹಾಕ್ಕೊಂತಿದ್ರು. ಅವನ ಮಗನೂ ಒಂದಿಬ್ಬರು ಗೆಳ್ಯಾರೂ ಸೇರಿ ಮಣ್ಣು ಮಾಡಿ ಬಂದ್ರು. ಅಳಾಕ ಒಬ್ಬ ಹೆಣ್ಣುಮಗಳೂ ಬರಲಿಲ್ಲ. ನಾನು ಹೋಗೂಣಂದ್ರ ನಾನಿರೋ ರಾಯಚೂರಿಗೂ ಮಾನ್ವಿಗೂ ನಡುವ ಪೊಲೀಸರ ಬಡಿಗಿ.

ಸ್ವಲ್ಪ ದಿನಕ್ಕ ತಂಗಿ ಸೊಸಿ ಫೋನ್ ಮಾಡಿದ್ಲು.

"ದೊಡ್ಡತ್ತಿ, ಅತ್ತಿ ಮಾತಾಡವಲ್ರು. ಉಣ್ಣವಲ್ರು. ರಾತ್ರಿ ಕಣ್ಣು ಮುಚ್ಚಂಗಿಲ್ಲ. ಮಾವನ ಕಡಾಯಿ ಹಿಡಕೊಂಡು ಕುಂತಾರ, ಬೂದಿ ಹಚ್ಚಿ ತಿಕ್ಕಿದ್ದೇ ತಿಕ್ಕೂದು."

"ಅತ್ತಾಳೇನು?"

"ಒಂದು ಹನಿ ಇಲ್ಲ. ಓಣ್ಯಾಗ ಗಾಳಿ ಬಡದದ ಅನ್ನಾಕತ್ತಾರ. ಹಿಂಗಾದ್ರ ಅವ್ವನೂ ಕೈ ಬಿಟ್ಟು ಹೋಗ್ತಾಳೇನೋ ಅಂತ ನಮ್ಮ ಮನಿಯವರು ಅಳಾಕತ್ತಾರ."

ಆ ಕಡಾಯಿ ನನಗ ಗೊತ್ತು. ಅವ ಇರೂತನಕ ಅದನ್ನ ಬೆಳಗಾಕ ಬಿಟ್ಟಾವಲ್ಲ. ಕರ್ರಗಿದ್ರ ಎಣ್ಣಿಗೆ ರುಚಿ ಅಂತಿದ್ದ. ಈಗ ಅದು ಬೆಳ್ಳಿ ಹಂಗ ಹೊಳ್ಯಾಕತ್ತದ ಅಂದ್ಲು. 

ಗಾಳಿ ಅಲ್ಲ, ಭೂತ ಅಲ್ಲ. ನಮ್ಮಲ್ಲಿ ಗಂಡನ್ನ ಕಳಕೊಂಡಾಕಿ ತಾನೇ ಅಳು ಶುರು ಮಾಡಂಗಿಲ್ಲ. ತವರಿನಾಕಿ ಬರಬೇಕು, ಕೊರಳಿಗೆ ಬೀಳಬೇಕು, ಮೊದಲನೇ ಸೊಲ್ಲು ಎತ್ತಬೇಕು. ಆಗ ಈಕಿಗೆ ಬಾಯಿ ಬಿಡ್ತದ. ತವರಂದ್ರ ಈಗ ನಾ ಒಬ್ಬಾಕಿ. ಆಕಿ ನನ್ನ ದಾರಿ ಕಾಯಾಕತ್ತಿದ್ಲು, ನಾ ಪೊಲೀಸರ ದಾರಿ ಕಾಯಾಕತ್ತಿದ್ದೆ.

"ಫೋನು ದೊಡ್ಡ ದನಿಗೆ ಹಚ್ಚಿ ನಿಮ್ಮತ್ತಿ ಮುಂದ ಇಡು," ಅಂದೆ. "ನಾ ಇಲ್ಲಿಂದಲೇ ಅಳ್ತೀನಿ."

ಮನ್ಯಾಗ ಸಿಗ್ನಲ್ ಬರಂಗಿಲ್ಲ. ಸೆರಗು ಸಿಗಿಸಿಕೊಂಡು ಮಾಳಿಗಿ ಹತ್ತಿದೆ. ಮಧ್ಯಾಹ್ನ, ಓಣಿ ತುಂಬ ಸುಡುಗಾಡಿನ ಮೌನ. ಫೋನು ಗೋಡಿ ಮ್ಯಾಲ ಇಟ್ಟು, ನೆಲಕ್ಕ ಕುಂತು, ನಮ್ಮವ್ವನ್ನ ನೆನಸಿ ದನಿ ಎತ್ತಿದೆ.

"ಎದ್ದು ನೋಡೋ ನನ್ನಪ್ಪಾ, ನಿನ್ನ ಬಂಡಿ ಗಾಲಿಗೆ ಹುಲ್ಲು ಬೆಳದದಲ್ಲೋ... ಕೆಂಪನ್ನ ಬಸ್ಸು ಬಂದ್ರ ಯಾರಿಗೆ ಮಿರ್ಚಿ ಕೊಡ್ತೀಯೋ... ಉಳ್ಳಾಗಡ್ಡಿ ಉಳಿಸಿ ಉಳಿಸಿ ಯಾರಿಗೆ ಇಟ್ಟು ಹೋದ್ಯೋ..."

ದನಿ ನನಗೇ ಛಲೋ ಅನಿಸ್ತು. ಭಾಳ ದಿನ ಆಗಿತ್ತು, ಗಂಟಲಾಗಿನ ತುಕ್ಕು ಉದುರಿತು.

ಎದುರು ಮನಿ ಮಾಸ್ತರ ಕಿಟಕಿ ತಗದು ಕೂಗಿದ, "ಯವ್ವಾ, ಯಾರಿಗೇನಾತು?" ನಾ ಹೇಳಲಿಲ್ಲ. ಹೇಳೂ ಹಂಗಿಲ್ಲ. ಒಮ್ಮೆ ಎತ್ತಿದ ಅಳು ನಡುವ ನಿಲ್ಲಿಸಿ ಬ್ಯಾರೆ ಮಾತಾಡಿದ್ರ ಆ ಮನ್ಯಾಗ ಇನ್ನೊಂದು ಸಾವು ಅಂತಾರ. ಕೈಯಿಂದ ಹೋಗು ಹೋಗು ಅಂದೆ. ಅವ ಅದನ್ನ ಹೋದ, ಹೋದ ಅಂತ ತಿಳಕೊಂಡ.

ನನ್ನ ಮಗ ಹತ್ತಿ ಮಿಲ್ಲಿನ್ಯಾಗ ದುಡಿಯಾವ. ಹತ್ತಿ ಧೂಳಿಗೆ ಅವನಿಗೆ ಮೊದಲಿಂದ ಕೆಮ್ಮು. ಕೊರೊನಾ ಬಂದಾಗಿಂದ ಓಣಿಯವರು ಅವನ ಕೆಮ್ಮಿಗೆ ಕಿವಿ ಕೊಟ್ಟು ಕುಂತಿದ್ರು. ಮಾಸ್ತರಗ ಇನ್ನೇನು ಬೇಕು? ಈಕಿ ಮಗ ಕೊರೊನಾಕ್ಕ ಹೋದ ಅಂತ ದವಾಖಾನಿಗೆ ಫೋನ್ ಮಾಡಿಬಿಟ್ಟ. ಸಾಲಾಗಿ ಕಿಟಕಿ ಮುಚ್ಚಿದ ಸಪ್ಪಳ ನನಗೂ ಕೇಳಿಸ್ತು. ನನ್ನ ಅಳುವಿಗೆ ಹೆದರಿದ್ರು ಅಂತ ತಿಳಕೊಂಡು ಇನ್ನೂ ಒಂದು ಸೊಲ್ಲು ಮ್ಯಾಲಕ್ಕೆತ್ತಿದೆ.

ಜೀಪ್ ಬಂತು. ಬೆನ್ನಿಗೆ ಔಷಧ ಡಬ್ಬಿ ಕಟ್ಟಿಕೊಂಡಾವ ಒಬ್ಬ, ಕೂಡ ನಮ್ಮ ಓಣಿ ಆಶಾ ಕಾರ್ಯಕರ್ತಿ. ಬಾಗಲಾ ಬಡದ್ರು. ನನ್ನ ಮಗ ಜಳಕ ಮಾಡಾಕತ್ತಿದ್ದಾವ ಟವಲ್ ಸುತ್ತಿಕೊಂಡು ಬಂದು ತಗದ.

"ಈ ಮನಿ ಗಂಡಸು ತೀರಿಕೊಂಡಾರ ಅಂತ ಬಂದೇವ್ರಿ."

"ಈ ಮನ್ಯಾಗ ಇರೋ ಗಂಡಸು ನಾನೇರಿ."

"ಖರೇನು?"

ಮಗನಿಗೂ ಒಂದು ಕ್ಷಣ ಅನುಮಾನ ಬಂತಂತ. ಮ್ಯಾಲ ಹಡದವ್ವ ಹಂಗ ಅಳಾಕತ್ತಿದ್ಲಲ್ಲ.

ಆಶಾ ಹುಡುಗಿ ಮಾಳಿಗಿಗೆ ಬಂದ್ಲು. ಮುಖಕ್ಕ ಮಾಸ್ಕ್, ಅದರ ಮ್ಯಾಲ ಪ್ಲಾಸ್ಟಿಕ್ಕು. "ಯವ್ವಾ, ಹೆಣ ಎಲ್ಲದ?"

ಆ ಸೊಲ್ಲು ಮುಗಿಸಿ, ಮೂಗು ಒರಸಿಕೊಂಡು ಹೇಳಿದೆ, "ಮಾನ್ವ್ಯಾಗ. ಮಣ್ಣಾಗ."

ಎಲ್ಲಾ ಹೇಳಿದೆ. ಆಕಿ ಬೈತಾಳ ಅಂತ ತಿಳಕೊಂಡಿದ್ದೆ. ಬೈಲಿಲ್ಲ, ಗೋಡಿಗೆ ಆನಿಕೊಂಡು ಕುಂತ್ಲು. ಆಮ್ಯಾಲ ರೂಢಿ ಪ್ರಕಾರ ಕೇಳಿದ್ಲು, "ನಿದ್ದಿ ಬರ್ತದೇನು ಯವ್ವಾ? ಊಟ ಹೋಗ್ತದೇನು? ಮನಸಿಗೆ ಹೆದರಿಕಿ ಆಗ್ತದೇನು?"

"ನಾ ಎರಡು ರೊಟ್ಟಿ ಉಂಡು ಗೊರಕಿ ಹೊಡೀತೀನಿ. ಇದರಾಗ ಇದ್ದಾಕೀನ್ನ ಕೇಳು," ಅಂತ ಫೋನು ಆಕಿ ಕೈಗೆ ಕೊಟ್ಟೆ.

"ಅಮ್ಮಾ, ಉಂಡೀರೇನ್ರಿ?" ಅಂದ್ಲು. ಆ ಕಡಿಂದ ಕಡಾಯಿ ತಿಕ್ಕೋ ಸದ್ದು ಅಷ್ಟೇ, ಜರಕ್ ಜರಕ್.

ನನಗ ಸಿಟ್ಟು ಬಂತು. ಗಂಟಲು ಹರಕೊಂಡು ಅತ್ತಾಕಿ ನಾನು, ಓಣಿ ಮುಂದ ಮಗನ್ನ ಸಾಯಿಸಿದಾಕಿ ನಾನು. ಫೋನಿಗೆ ಬಾಯಿ ಹಚ್ಚಿ ಹೇಳಿದೆ, "ಲೇ ತಂಗಿ, ನಿನ್ನ ಗಂಡ ಉಳ್ಳಾಗಡ್ಡಿ ಕಡಿಮಿ ಹಾಕ್ತಿದ್ದ ಅಂತ ಇವತ್ತು ರಾಯಚೂರಿಗೆಲ್ಲಾ ಗೊತ್ತಾತು. ಸರಕಾರದವರೂ ಕೇಳಿಸಿಕೊಂಡ್ರು. ನೀ ಹಿಂಗ ಸುಮ್ನ ಕುಂತ್ರ ಅದು ಖರೇ ಅಂತ ಬರಕೊಂಡು ಹೋಗ್ತಾರ ನೋಡು."

ಜರಕ್ ಸದ್ದು ನಿಂತಿತು.

"ಕಡಿಮಿ ಹಾಕ್ತಿದ್ದಿಲ್ಲ," ಅಂತು ದನಿ. ಒಣಗಿ ಹೋಗಿತ್ತು, ನನಗ ಗುರುತು ಸಿಗಲಿಲ್ಲ. "ಸಣ್ಣಗ ಹೆಚ್ಚತಿದ್ರು. ಸಣ್ಣಗ ಹೆಚ್ಚಿದ್ರ ಕಡಿಮಿ ಕಾಣ್ತದ. ನಿನಗ ಯಾವತ್ತೂ ತಟ್ಟಿ ತುಂಬ ಹಾಕಿ ಕೊಟ್ಟಾರ, ತಿಂದು ಬಂದು ಹಿಂಗ ಅಂತೀಯಲ್ಲ ಯಕ್ಕಾ..."

ಆ ಯಕ್ಕಾ ಅನ್ನೂದು ಮುಗೀಲಿಲ್ಲ. ಅದೇ ಉದ್ದಕ್ಕ ಎಳಕೊಂಡು ಅಳು ಆತು. ನಮ್ಮವ್ವನ ದನಿ ನನಗ ಬಂದದ ಅಂತ ತಿಳಕೊಂಡಿದ್ದೆ. ಇಲ್ಲ, ಈಕಿಗೆ ಬಂದಿತ್ತು. ಆ ಹಾಡಿನ್ಯಾಗ ಗಂಡನ ಗೊರಕಿ ಬಂತು, ಅವ ಬಚ್ಚಿಟ್ಟು ಬೀಡಿ ಸೇದಿದ್ದು ಬಂತು, ನಾನೂ ಬಂದೆ, ಅಷ್ಟೇನು ಛಲೋ ಬರಲಿಲ್ಲ. ಆಶಾ ಹುಡುಗಿ ಪ್ಲಾಸ್ಟಿಕ್ಕಿನ ಒಳಗ ಕಣ್ಣೊರಸಾಕ ಬರದ ಒದ್ದ್ಯಾಡಿದ್ಲು. ಆಕಿ ಚಿಗವ್ವ ತೀರಿ ಹೋಗಿದ್ಲಂತ, ಡ್ಯೂಟ್ಯಾಗ ಅಳಾಕ ಪುರುಸೊತ್ತಾಗಿದ್ದಿಲ್ಲಂತ. ಕೆಳಗ ಡಬ್ಬಿಯಾವ ಬಂದ ಮ್ಯಾಲ ಸುಮ್ನ ಹೋಗಬಾರದಂತ ನಮ್ಮ ಹೊಸ್ತಿಲಕ್ಕ ಔಷಧ ಹೊಡದು ಹೋದ.

ಆವತ್ತು ಸಂಜಿಗೆ ತಂಗಿ ಗಂಜಿ ಕುಡದ್ಲು ಅಂತ ಸೊಸಿ ಹೇಳಿದ್ಲು.

ಅತ್ತು ಎಲ್ಲಾ ವಾಸಿ ಆತು ಅಂತ ನಾ ಹೇಳಂಗಿಲ್ಲ. ತಂಗಿಗೆ ನಿದ್ದಿ ಬರಲೇ ಇಲ್ಲ. ದಾರಿ ತಗದ ಮ್ಯಾಲ ಆಶಾ ಹುಡುಗಿ ಹೇಳಿದ ಮನಸಿನ ಡಾಕ್ಟರ ಹತ್ರ ನಾನೇ ಕರಕೊಂಡು ಹೋದೆ. ಹುಚ್ಚರ ಡಾಕ್ಟರ ಅಂತ ತಂಗಿ ಮೊಂಡು ಹಿಡದ್ಲು. "ನಿನಗಲ್ಲ, ನನಗ ತೋರಸಾಕ ಬಾ," ಅಂದೆ. ಬಂದ್ಲು. ನನಗಾದ್ರ ಹುಚ್ಚಿರಬಹುದು ಅಂತ ಆಕಿಗೆ ಮೊದಲಿಂದ ನಂಬಿಕಿ. ಡಾಕ್ಟರು ಕೊಟ್ಟ ಮಾತ್ರಿ ಆಕಿ ಭಾಳ ದಿನ ನುಂಗಿದ್ಲು, ಬಿಡಂದಾಗ ಬಿಟ್ಲು.

ನಮ್ಮ ಓಣ್ಯಾಗ ಮಾತ್ರ ಅದೊಂದು ರೂಢಿ ಆಗಿ ಹೋತು. ಮಣ್ಣಿಗೆ ಹೋಗಾಕ ಆಗದ ಹೆಂಗಸರು ಫೋನ್ ಹಿಡಕೊಂಡು ಮಾಳಿಗಿ ಹತ್ತೋರು. ಹತ್ತೂಕಿಂತ ಮೊದಲು ಮಾಸ್ತರಗ ಹೇಳಿ ಹತ್ತೋರು, "ನಮ್ಮ ಮನ್ಯಾಗ ಅಲ್ರಿ ಸರ, ಸಿಂಧನೂರಾಗ." ಕಡೀಕ ಮಾಸ್ತರನೇ ಒಂದಿನ ಬಂದು ಕೇಳಿದ, ತನ್ನ ಅಣ್ಣನ ಸಲುವಾಗಿ ನಾನು ಒಂಚೂರು ಅಳಬಹುದೇನು ಅಂತ. ಗಂಡಸರಿಗೆ ಬರಂಗಿಲ್ಲಲ್ಲ. ಅತ್ತೆ. ಆದ್ರ ಅವನ್ನೂ ಪಕ್ಕಕ್ಕ ಕೂಡಿಸಿಕೊಂಡೆ.

ಈಗ ಬಂಡಿ ತಂಗೀದು. ಹೋದ ವಾರ ಮಾನ್ವ್ಯಾಗ ಇಳಿದು ಮೊದಲು ಕಡಾಯಿ ನೋಡಿದೆ. ಇದ್ದಲಿ ಹಂಗ ಕರ್ರಗಾಗ್ಯದ. ತಟ್ಟ್ಯಾಗ ಮಿರ್ಚಿ ಇಟ್ಟು ಕೊಟ್ಲು.

"ಉಳ್ಳಾಗಡ್ಡಿ?" ಅಂದೆ.

"ಹಾಕೀನಿ. ಸಣ್ಣಗ ಹೆಚ್ಚೀನಿ," ಅಂದ್ಲು.